ಎರಡು ಅಡಿಯ ತೊಟ್ಟಿಯಲ್ಲಿ ಯಾರು ಯಾರ ಜೊತೆ

ನಮ್ಮ ಕಡೆಯ ಅಕ್ವೇರಿಯಂ ಅಂಗಡಿಗಳಲ್ಲಿ ಮೀನುಗಳನ್ನು ಸಾಮಾನ್ಯವಾಗಿ ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಗಪ್ಪಿ ಜೋಡಿಗೆ ಇಷ್ಟು, ಏಂಜೆಲ್ ಜೋಡಿಗೆ ಇಷ್ಟು, ಟೈಗರ್ ಬಾರ್ಬ್ ಜೋಡಿಗೆ ಇಷ್ಟು ಎಂದು ಗಾಜಿನ ಮೇಲೆಯೇ ಬರೆದಿರುತ್ತಾರೆ. ಹೊಸದಾಗಿ ಮೀನು ಸಾಕಲು ಹೊರಟವರು ಸಹಜವಾಗಿಯೇ ಕಣ್ಣಿಗೆ ಚೆಂದ ಕಂಡ ಬಗೆಗಳಲ್ಲಿ ಒಂದೊಂದು ಜೋಡಿ ಆರಿಸಿ, ಆರೇಳು ಬಗೆಯ ಮೀನುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿಕೊಂಡು ಮನೆಗೆ ಹೋಗುತ್ತಾರೆ. ಇವೆಲ್ಲ ಹೊಂದಿಕೊಳ್ಳುತ್ತವೆಯೇ ಎಂದು ಕೇಳಿದರೆ, "ಎಲ್ಲಾ ಒಟ್ಟಿಗೇ ಇರ್ತವೆ ಸಾರ್, ಏನೂ ಆಗಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅಂಗಡಿಯ ತೊಟ್ಟಿಯಲ್ಲಿ ಅವು ನಿಜವಾಗಿಯೂ ಒಟ್ಟಿಗೇ ಇರುತ್ತವೆ. ಆದರೆ ಅಲ್ಲಿರುವವು ಬಹುತೇಕ ಮರಿಗಳು. ಅವು ಅಲ್ಲಿ ತಂಗುವುದು ಕೆಲವೇ ದಿನ. ಮಿಸುಕಾಡಲೂ ಜಾಗವಿಲ್ಲದಷ್ಟು ಕಿಕ್ಕಿರಿದ ತೊಟ್ಟಿಯಲ್ಲಿ ಯಾವ ಮೀನಿಗೂ ಒಂದು ಮೂಲೆಯನ್ನು ತನ್ನದೆಂದು ಹಿಡಿದು ಕಾಯಲು ಆಗುವುದಿಲ್ಲ. ಅದೇ ಮೀನುಗಳು ಮನೆಯ ತೊಟ್ಟಿಗೆ ಬಂದು, ಹೊಟ್ಟೆ ತುಂಬಾ ತಿಂದು, ಬೆಳೆದು ಬಲಿತ ಮೇಲೆ ತಮ್ಮ ನಿಜವಾದ ಸ್ವಭಾವವನ್ನು ತೋರಿಸತೊಡಗುತ್ತವೆ.

ಹೀಗಾಗಿ ಮೀನುಗಳ ಹೊಂದಾಣಿಕೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ನಿಂತು ಬಗೆಹರಿಸಿಕೊಳ್ಳಲು ಆಗುವುದಿಲ್ಲ. ಅದನ್ನು ಮನೆಯಲ್ಲಿ, ಅದರಲ್ಲೂ ಮನೆಯ ನಲ್ಲಿಯ ಬಳಿ ಆರಂಭಿಸಬೇಕು ಎಂಬುದು ನನ್ನ ನಂಬಿಕೆ. ಎರಡು ಮೀನುಗಳು ಪರಸ್ಪರ ಕಚ್ಚಾಡುತ್ತವೆಯೇ ಇಲ್ಲವೇ ಎಂಬುದು ಆಮೇಲಿನ ಮಾತು. ಅವೆರಡಕ್ಕೂ ಒಂದೇ ನೀರು ಒಗ್ಗುತ್ತದೆಯೇ, ಆ ನೀರು ನಮ್ಮ ಮನೆಯಲ್ಲಿ ಸಿಗುತ್ತದೆಯೇ ಎಂಬುದು ಮೊದಲಿನ ಮಾತು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕರಾವಳಿಯಲ್ಲಿ ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಯ ನೀರು ಸಾಮಾನ್ಯವಾಗಿ ಮೃದುವಾಗಿದ್ದು ತುಸು ಆಮ್ಲೀಯವಾಗಿರುತ್ತದೆ. ಕೋಲಾರದ ಕಡೆಯ ಆಳದ ಬೋರ್‌ವೆಲ್ ನೀರು ಗಡಸು. ಗೀಸರಿನ ಕಾಯಿಲ್ ಮೇಲೂ ಬಕೆಟ್ಟಿನ ಅಂಚಿನಲ್ಲೂ ಬಿಳಿಯ ಪದರ ಕಟ್ಟುವಂಥದ್ದು. ಬೆಂಗಳೂರಿನಲ್ಲಂತೂ ಒಂದೇ ರಸ್ತೆಯ ಎರಡು ಮನೆಗಳಲ್ಲಿ ಎರಡು ಬಗೆಯ ನೀರು ಇರಬಹುದು. ಒಂದು ಮನೆಗೆ ಕಾವೇರಿಯ ಸಿಹಿ ನೀರು, ಇನ್ನೊಂದಕ್ಕೆ ಬೋರಿನ ಉಪ್ಪು ನೀರು. ಹೊರವಲಯದ ಅಪಾರ್ಟ್‌ಮೆಂಟುಗಳಲ್ಲಿ ನೆಲದಡಿಯ ಸಂಪ್‌ಗೆ ಈ ವಾರ ಕಾವೇರಿ ನೀರು, ಮುಂದಿನ ವಾರ ಟ್ಯಾಂಕರ್ ನೀರು, ಅದರ ಮುಂದಿನ ವಾರ ಎರಡೂ ಬೆರೆತದ್ದು ಬಂದು ಬೀಳುತ್ತದೆ. ಮೀನಿನ ದೃಷ್ಟಿಯಿಂದ ಕೊನೆಯ ಸ್ಥಿತಿಯೇ ಹೆಚ್ಚು ಕಷ್ಟದ್ದು, ಏಕೆಂದರೆ ಸ್ವಲ್ಪ ಗಡಸಾದರೂ ಬದಲಾಗದ ನೀರಿಗೆ ಮೀನುಗಳು ಒಗ್ಗಿಕೊಳ್ಳುತ್ತವೆ. ವಾರಕ್ಕೊಂದು ಬಗೆಯಾಗುವ ನೀರಿಗೆ ಒಗ್ಗಿಕೊಳ್ಳುವುದು ಅವಕ್ಕೆ ಕಷ್ಟ.

ಆರ್‌ಒ ಯಂತ್ರವಿರುವ ಮನೆಗಳಲ್ಲಿ ಟಿಡಿಎಸ್ ಅಳೆಯುವ ಪುಟ್ಟ ಮೀಟರ್ ಅನೇಕ ವೇಳೆ ಇದ್ದೇ ಇರುತ್ತದೆ. ಅದು ಗಡಸುತನವನ್ನು ನೇರವಾಗಿ ಹೇಳುವುದಿಲ್ಲ, ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಅಂದಾಜು ಮಾಡಿ ತೋರಿಸುತ್ತದೆ. ಆದರೂ ಆರಂಭಕ್ಕೆ ಅದು ಸಾಕು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಅನ್ನು ಸ್ವೀಕಾರಾರ್ಹ ಮಿತಿಯೆಂದು ಇಟ್ಟಿದೆ. ಬೋರಿನ ನೀರು ಅದನ್ನು ದಾಟುವುದು ಅಪರೂಪವೇನಲ್ಲ. ಅಂಥ ನೀರಿನವರು ನಿಯಾನ್ ಟೆಟ್ರಾವನ್ನು ಆಸೆಯಿಂದ ನೋಡಿ ಮುಂದೆ ಸಾಗುವುದು ಒಳ್ಳೆಯದು. ಅಮೆಜಾನಿನ ಮೇಲ್ಭಾಗದ ಮೃದುವಾದ, ಆಮ್ಲೀಯ ನೀರಿನ ಮೀನು ಅದು. ಈಗ ಮಾರಾಟಕ್ಕೆ ಬರುವವು ಹೆಚ್ಚಾಗಿ ಏಷ್ಯಾದ ಸಾಕಣೆ ಕೊಳಗಳಲ್ಲಿ ಹುಟ್ಟಿದವಾದ್ದರಿಂದ ಮಧ್ಯಮ ಗಡಸನ್ನು ಸಹಿಸಿಕೊಳ್ಳುತ್ತವೆ, ಆದರೆ ಸಹಿಸುವುದು ಬೇರೆ, ಸುಖವಾಗಿರುವುದು ಬೇರೆ. ಅದೇ ಗಡಸು ನೀರಿನಲ್ಲಿ ಪ್ಲಾಟಿ, ಮಾಲಿ, ಗಪ್ಪಿಗಳು ಮೈತುಂಬಿಕೊಂಡು ಬೆಳೆಯುತ್ತವೆ. ಪ್ಲಾಟಿ ಮತ್ತು ಮಾಲಿಗಳು ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕದ ಖನಿಜ ತುಂಬಿದ ನೀರಿನಿಂದ ಬಂದವು. ಆದ್ದರಿಂದ ಮಾಲಿಯನ್ನೂ ನಿಯಾನ್ ಟೆಟ್ರಾವನ್ನೂ ಒಂದೇ ತೊಟ್ಟಿಗೆ ಬಿಟ್ಟವರು ಅವೆರಡೂ ಜಗಳವಾಡುವುದಿಲ್ಲವೆಂದು ಸಮಾಧಾನಪಟ್ಟುಕೊಂಡರೂ, ನೀರು ಯಾವುದೇ ಆಗಿರಲಿ, ಇಬ್ಬರಲ್ಲಿ ಒಬ್ಬರಿಗೆ ಅದು ಒಗ್ಗದ ನೀರೇ ಆಗಿರುತ್ತದೆ. ಆರ್‌ಒ ನೀರನ್ನೇ ಪೂರ್ತಿ ತುಂಬುವುದು ಇದಕ್ಕೆ ಪರಿಹಾರವಲ್ಲ. ಅದರಲ್ಲಿ ಖನಿಜಗಳೇ ಇಲ್ಲದಂತಾಗಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಹಿಡಿತವಿಲ್ಲದೆ ಕುಸಿಯುತ್ತದೆ. ಬೆರೆಸಿ ಬಳಸಬಹುದು, ಆದರೆ ಪ್ರತಿ ವಾರವೂ ಅದೇ ಪ್ರಮಾಣದಲ್ಲಿ ಬೆರೆಸುವ ತಾಳ್ಮೆ ಬೇಕು.

ಉಷ್ಣತೆಯದೂ ಇದೇ ಕಥೆ. ಉಷ್ಣವಲಯದ ಮೀನು ಎಂದರೆ ನಮ್ಮ ದೇಶದಲ್ಲಿ ಯೋಚನೆಯೇ ಬೇಡ ಎಂದುಕೊಳ್ಳುವುದು ಮಂಗಳೂರಿಗೆ ಸರಿ, ಡಿಸೆಂಬರಿನ ಬೆಂಗಳೂರಿಗೆ ಸರಿಯಲ್ಲ. ಬೆಂಗಳೂರಿನ ಚಳಿಗಾಲದ ರಾತ್ರಿಗಳಲ್ಲಿ ಸಣ್ಣ ತೊಟ್ಟಿಯ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಜೀಬ್ರಾ ಡೇನಿಯೋಗಳಿಗೆ ಅದು ಲೆಕ್ಕಕ್ಕೇ ಇಲ್ಲ. 25 ಡಿಗ್ರಿಗಿಂತ ಮೇಲಿನ ನೀರನ್ನು ಬಯಸುವ ಬೆಟ್ಟಾ ಮೀನು ಮಾತ್ರ ಮೂಲೆ ಹಿಡಿದು ಮಂಕಾಗಿ ಕೂರುತ್ತದೆ. ಥರ್ಮೋಸ್ಟಾಟ್ ಇರುವ 50 ವ್ಯಾಟಿನ ಹೀಟರ್ ಇಡುವುದೋ, ಚಳಿ ತಡೆಯುವ ಮೀನುಗಳನ್ನೇ ಆರಿಸುವುದೋ ಎಂಬುದನ್ನು ಮೀನು ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಗೋಲ್ಡ್ ಫಿಶ್ ತಣ್ಣೀರಿನ ಮೀನು. ಅದನ್ನು ಈ ಬರಹದ ಯಾವ ಮೀನಿನ ಜೊತೆಗೂ ಸೇರಿಸುವಂತಿಲ್ಲ. ವಾಸ್ತುವಿನ ಹೆಸರಿನಲ್ಲಿ ಎಂಟು ಬಂಗಾರದ ಮೀನು, ಒಂದು ಕಪ್ಪು ಮೀನು ಇಡಬೇಕೆಂಬ ಸಲಹೆ ಊರೂರಲ್ಲಿ ಓಡಾಡುತ್ತಿದೆ. ಒಂದೊಂದು ಗೋಲ್ಡ್ ಫಿಶ್ ಗೇಣುದ್ದ ಬೆಳೆಯಬಲ್ಲದು ಮತ್ತು ಅದಕ್ಕೆ ತಕ್ಕಷ್ಟು ಹೊಲಸು ಮಾಡುತ್ತದೆ. ಅಂಥ ಒಂಬತ್ತನ್ನು ಎರಡು ಅಡಿಯ ತೊಟ್ಟಿಗೆ ತುಂಬಿದರೆ ಮನೆಗೆ ಬರುವುದು ಸಮೃದ್ಧಿಯಲ್ಲ, ದುರ್ನಾತ.

ಎರಡು ಅಡಿಯ ತೊಟ್ಟಿ ಎಂದೆ. ಹೊಸಬರು ಹೆಚ್ಚಾಗಿ ಕೊಳ್ಳುವುದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯನ್ನು. ಅದರ ಲೆಕ್ಕ ಸುಮಾರು 57 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 45 ಲೀಟರಿನಷ್ಟು ಉಳಿಯುತ್ತದೆ. ಇಷ್ಟು ನೀರಿಗೆ ಎಷ್ಟು ಮೀನು ಎಂಬುದಕ್ಕೆ ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು ಎಂಬ ಹಳೆಯ ಸೂತ್ರವೊಂದು ಚಾಲ್ತಿಯಲ್ಲಿದೆ, ಅದು ನನಗೆ ಒಪ್ಪಿಗೆಯಿಲ್ಲ. ಹತ್ತು ಇಂಚಿನ ಒಂದು ಮೀನು ಒಂದು ಇಂಚಿನ ಹತ್ತು ಮೀನುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ತಿನ್ನುತ್ತದೆ, ಅಷ್ಟೇ ಹೆಚ್ಚು ತ್ಯಾಜ್ಯ ಬಿಡುತ್ತದೆ. ನನ್ನ ಪ್ರಕಾರ ಸಂಖ್ಯೆಯನ್ನು ತೊಟ್ಟಿಯ ಅತಿ ಕೆಟ್ಟ ದಿನಕ್ಕೆ ಹೊಂದುವಂತೆ ಇಟ್ಟುಕೊಳ್ಳಬೇಕು. ಆ ದಿನ ಏಪ್ರಿಲ್ ತಿಂಗಳ ಮಧ್ಯಾಹ್ನ, ಕರೆಂಟ್ ಹೋಗಿ ಫಿಲ್ಟರ್ ನಿಂತಿರುವ ಹೊತ್ತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ನೀರು 7.5 ಮಿಲಿಗ್ರಾಮಿನಷ್ಟು ಮಾತ್ರ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಜೋರಾಗಿರುತ್ತದೆ. ಗಡಸು ನೀರಿನವರಿಗೆ ಇನ್ನೂ ಒಂದು ತೊಡಕಿದೆ. ಅಂಥ ನೀರಿನ ಪಿಎಚ್ ಹೆಚ್ಚಾಗಿರುತ್ತದೆ, ಮತ್ತು ಪಿಎಚ್ 7ರಿಂದ 8ಕ್ಕೆ ಏರಿದರೆ ತ್ಯಾಜ್ಯದಿಂದ ಬರುವ ಅಮೋನಿಯಾದಲ್ಲಿ ವಿಷರೂಪದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಒಂದೇ ಅಳತೆಯ ತೊಟ್ಟಿಯಲ್ಲಿ ಉಡುಪಿಯವರು ಸಾಕಬಹುದಾದಷ್ಟು ಮೀನುಗಳನ್ನು ಬೋರಿನ ನೀರಿನವರು ಸಾಕುವುದು ಜಾಣತನವಲ್ಲ.

ನೀರಿನ ಮಾತು ಮುಗಿದ ಮೇಲೆ ಬಾಯಿಯ ಮಾತು. ಬಾಯಲ್ಲಿ ಹಿಡಿಸುವ ಮೀನನ್ನು ದೊಡ್ಡ ಮೀನು ಇವತ್ತಲ್ಲದಿದ್ದರೆ ನಾಳೆ ತಿನ್ನುತ್ತದೆ. ಅದರಲ್ಲಿ ದ್ವೇಷವೂ ಇಲ್ಲ, ದುಷ್ಟತನವೂ ಇಲ್ಲ. ಎರಡೂ ಮರಿಗಳಾಗಿದ್ದಾಗ ಏಂಜೆಲ್ ಮತ್ತು ನಿಯಾನ್ ಟೆಟ್ರಾ ಸುಂದರವಾದ ಜೊತೆ; ಏಂಜೆಲ್ ಅಂಗೈಯಗಲವಾದ ಮೇಲೆ ಟೆಟ್ರಾಗಳು ರಾತ್ರಿಗೊಂದರಂತೆ ಕಾಣೆಯಾಗತೊಡಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು ಎಷ್ಟು ದೊಡ್ಡದಾಗುತ್ತದೆ ಎಂಬುದು. ಬೆಳ್ಳಿ ಬಣ್ಣದ, ಚೂಪು ರೆಕ್ಕೆಯ ಪುಟ್ಟ 'ಶಾರ್ಕ್'ಗಳನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ. ಅವುಗಳಲ್ಲಿ ಒಂದು ಬಗೆಯದು ಹೋಟೆಲುಗಳಿಗೆ ಬಾಸಾ ಎಂಬ ಹೆಸರಿನಲ್ಲಿ ಬರುವ ಪಂಗಾಸಿಯಸ್ ಮೀನೇ ಆಗಿದ್ದು, ಮೀಟರಿಗೂ ಮೀರಿ ಬೆಳೆಯುತ್ತದೆ. ಬಾಲಾ ಶಾರ್ಕ್ ಒಂದು ಅಡಿಯ ಮೀನು. ಗಾಜು ತಿಕ್ಕುತ್ತದೆಂದು ಪ್ರತಿ ತೊಟ್ಟಿಗೂ ಒಂದರಂತೆ ಕೊಡುವ ಸಕ್ಕರ್ ಮೀನು ಒಂದೂಕಾಲು ಅಡಿಯನ್ನೂ ದಾಟುತ್ತದೆ. ಅದು ತಿನ್ನುವ ಪಾಚಿಗಿಂತ ಬಿಡುವ ಹಿಕ್ಕೆಯೇ ಹೆಚ್ಚು, ಮತ್ತು ದೊಡ್ಡದಾದ ಮೇಲೆ ನಿಧಾನವಾಗಿ ಈಜುವ ಮೀನುಗಳ ಮೈಯ ಲೋಳೆಯನ್ನೂ ಹೀರಲು ಹೋಗುತ್ತದೆ. ಸಾಕಲಾರದೆ ಕೆರೆಗೆ ಬಿಟ್ಟ ಸಕ್ಕರ್‌ಗಳು ದಕ್ಷಿಣ ಭಾರತದ ಕೆರೆ ನದಿಗಳಲ್ಲಿ ನೆಲೆಯೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿವೆ. ಹೊಸಬರ ತೊಟ್ಟಿಗೆ ಸಕ್ಕರ್ ಬೇಡವೇ ಬೇಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಗಾಜು ಒರೆಸಲು ಸ್ಪಂಜಿನ ತುಂಡು ಸಾಕು.

ನಮ್ಮದೇ ನೆಲದ ಮೀನೆಂಬ ಅಭಿಮಾನವೂ ಇಲ್ಲಿ ದಾರಿ ತಪ್ಪಿಸಬಹುದು. ಕೇರಳ ಮತ್ತು ಅದಕ್ಕೆ ತಾಗಿದ ಕರ್ನಾಟಕದ ಘಟ್ಟದ ಹೊಳೆಗಳ ಮಿಸ್ ಕೇರಳ ಕೆಂಪು ಕಪ್ಪು ಗೆರೆಗಳ ಬಹು ಚೆಲುವಾದ ಮೀನು. ಆದರೆ ಅದು ಗುಂಪಿನಲ್ಲಿ, ರಭಸದ ತಂಪು ನೀರಿನಲ್ಲಿ ಓಡುವ ಮೀನು. ನಾಲ್ಕೈದು ಇಂಚು ಬೆಳೆಯುತ್ತದೆ. ಕಾಡಿನ ಹೊಳೆಗಳಿಂದ ಅತಿಯಾಗಿ ಹಿಡಿದು ಮಾರಿದ್ದರಿಂದ ಅಳಿವಿನ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೂ ಸೇರಿದೆ. ಎರಡು ಅಡಿ ಅದಕ್ಕೆ ಒಂದು ನೆಗೆತಕ್ಕೂ ಸಾಲದು. ಅದೇ ಸೀಮೆಯ ಪೀ ಪಫರ್ ಒಂದು ಇಂಚಿನ ಮುದ್ದಾದ ಜೀವಿ, ಕಣ್ಣು ಹೊರಳಿಸಿ ನಮ್ಮನ್ನೇ ನೋಡುತ್ತದೆ. ಆದರೆ ಜೊತೆಯಲ್ಲಿ ಯಾರಿದ್ದರೂ ಅವರ ಬಾಲ ಕತ್ತರಿಸುತ್ತದೆ. ಗಾತ್ರ ಚಿಕ್ಕದಾಗಿರುವುದಕ್ಕೂ ಸ್ವಭಾವ ಸೌಮ್ಯವಾಗಿರುವುದಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನು ಮತ್ತೆ ಜೋಡಿ ಲೆಕ್ಕಕ್ಕೆ ಬರೋಣ. ಹೊಸಬರ ತೊಟ್ಟಿಗಳಲ್ಲಿ ನಡೆಯುವ ಬಹಳಷ್ಟು ಕಿರುಕುಳಕ್ಕೆ ಕಾರಣ ಮೀನುಗಳ ಜಾತಿಗಿಂತ ಹೆಚ್ಚಾಗಿ ಈ ಲೆಕ್ಕವೇ ಎಂದು ನನಗೆ ಅನಿಸುತ್ತದೆ. ಬಾರ್ಬ್, ಟೆಟ್ರಾ, ಡೇನಿಯೋ, ರಾಸ್ಬೋರಾಗಳು ಹಿಂಡಿನಲ್ಲಿ ಬದುಕುವ ಮೀನುಗಳು. ಹಿಂಡಿನಲ್ಲಿ ಯಾರು ಮೇಲು, ಯಾರು ಕೀಳು ಎಂಬ ನಿತ್ಯದ ತಳ್ಳಾಟ ಅವುಗಳ ನಡುವೆಯೇ ನಡೆದು, ಹಲವರಲ್ಲಿ ಹಂಚಿಹೋಗಿ, ಯಾರಿಗೂ ಗಾಯವಾಗದಂತೆ ಮುಗಿಯುತ್ತದೆ. ಎಂಟು ಹತ್ತು ಟೈಗರ್ ಬಾರ್ಬ್‌ಗಳು ದೊಡ್ಡ ತೊಟ್ಟಿಯಲ್ಲಿ ತಮ್ಮ ತಮ್ಮಲ್ಲೇ ಗದ್ದಲ ಮಾಡಿಕೊಂಡಿರುತ್ತವೆ. ಎರಡೇ ಇದ್ದರೆ ಒಂದು ಇನ್ನೊಂದನ್ನು ಹಗಲಿಡೀ ಅಟ್ಟಾಡಿಸುತ್ತದೆ, ಅಥವಾ ಎರಡೂ ಸೇರಿ ಗಪ್ಪಿ, ಏಂಜೆಲ್, ಬೆಟ್ಟಾಗಳ ಉದ್ದನೆಯ ರೆಕ್ಕೆಗಳನ್ನು ಚೂರು ಚೂರು ಮಾಡುತ್ತವೆ. ಸಾಧು ಸ್ವಭಾವದ ಟೆಟ್ರಾಗಳಾದರೆ ಎರಡೇ ಇದ್ದಾಗ ಬಣ್ಣ ಕಳೆದುಕೊಂಡು ಗಿಡದ ಹಿಂದೆ ಅವಿತಿರುತ್ತವೆ. ಈ ಮೀನುಗಳನ್ನು ಕೊಳ್ಳುವುದಾದರೆ ಒಂದೇ ಬಗೆಯದು ಕಡಿಮೆಯೆಂದರೆ ಆರು, ಸಾಧ್ಯವಿದ್ದರೆ ಎಂಟು ಇರಲಿ. ಇದಕ್ಕೆ ವಿರುದ್ಧವಾದದ್ದು ಗಂಡು ಬೆಟ್ಟಾ. ಅದಕ್ಕೆ ತನ್ನ ಜಾತಿಯ ಇನ್ನೊಂದು ಗಂಡು ಕಣ್ಣಿಗೆ ಬಿದ್ದರೆ ಸಾಕು, ಯುದ್ಧ. ಬಣ್ಣದ ಬಾಲದ ಗಪ್ಪಿಯನ್ನು ಕಂಡರೂ ಅದಕ್ಕೆ ಎದುರಾಳಿಯೇ ಬಂದಂತೆ. ಗಪ್ಪಿ, ಪ್ಲಾಟಿಗಳಲ್ಲಿ ಲೆಕ್ಕ ಇನ್ನೊಂದು ತೆರನಾದದ್ದು. ಒಂದು ಗಂಡು ಒಂದು ಹೆಣ್ಣು ಇಟ್ಟರೆ ಗಂಡು ಹೆಣ್ಣಿಗೆ ಒಂದು ಗಳಿಗೆಯೂ ಬಿಡುವು ಕೊಡುವುದಿಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಹಾಗಿಟ್ಟರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿಗಳು ಬರುತ್ತವೆ, ಮತ್ತು ಒಮ್ಮೆ ಕೂಡಿದ ಹೆಣ್ಣು ಗಂಡಿಲ್ಲದೆಯೂ ಹಲವು ತಿಂಗಳು ಮರಿ ಹಾಕಬಲ್ಲದು. ಬೇಡವೆಂದರೆ ಗಂಡು ಗಪ್ಪಿಗಳನ್ನೇ ಆರೆಂಟು ಇಡುವುದು ಸುಲಭದ ದಾರಿ.

ಬಗೆಗಳು ಹೆಚ್ಚಾದರೆ ಹಿಂಡಿಗೆ ಜಾಗವಿಲ್ಲ, ಹಿಂಡು ಇರಬೇಕೆಂದರೆ ಬಗೆಗಳು ಕಡಿಮೆಯಾಗಬೇಕು. ಇದು ಹೊಸಬರಿಗೆ ನಷ್ಟವೆನ್ನಿಸುವುದು ನನಗೆ ಅರ್ಥವಾಗುತ್ತದೆ, ಏಕೆಂದರೆ ಅಂಗಡಿಯಲ್ಲಿ ಕಣ್ಣನ್ನು ಸೆಳೆಯುವುದು ವೈವಿಧ್ಯವೇ. ಆದರೆ ಏಳು ಬಗೆಯ ಜೋಡಿಗಳಿರುವ ತೊಟ್ಟಿಯಲ್ಲಿ ನೋಡಲು ಸಿಗುವುದು ಬಣ್ಣಗಳು ಮಾತ್ರ. ಮುಂಜಾನೆ ಬೆಳಕು ಬೀಳುತ್ತಿದ್ದಂತೆ ಗಂಡು ಡೇನಿಯೋಗಳು ಹೆಣ್ಣುಗಳ ಹಿಂದೆ ಸುತ್ತುವುದು, ಎರಡು ಚೆರ್ರಿ ಬಾರ್ಬ್ ಗಂಡುಗಳು ಕಡುಗೆಂಪಾಗಿ ಪರಸ್ಪರ ಸುತ್ತು ಹಾಕಿ ಗಾಯವಿಲ್ಲದೆ ಬೇರೆಯಾಗುವುದು, ಕೋರಿಡೋರಾಸ್‌ಗಳು ಸಾಲಾಗಿ ಮೀಸೆಯಿಂದ ಮರಳನ್ನು ಕೆದಕುತ್ತ ಹೋಗುವುದು, ಇವೆಲ್ಲ ಸಾಕಷ್ಟು ಸಂಖ್ಯೆಯಲ್ಲಿ ತಮ್ಮವರ ನಡುವೆ ಇರುವ ಮೀನುಗಳು ಮಾತ್ರ ತೋರಿಸುವ ನಡವಳಿಕೆಗಳು. ನನಗಂತೂ ಈಗ ಎರಡೇ ಬಗೆಯ ಮೀನಿನ ತೊಟ್ಟಿಯ ಮುಂದೆ ಕೂತಷ್ಟು ಹೊತ್ತು ಬಣ್ಣಬಣ್ಣದ ತೊಟ್ಟಿಯ ಮುಂದೆ ಕೂರಲಾಗುವುದಿಲ್ಲ.

ಎರಡನೆಯ, ಮೂರನೆಯ ಬಗೆಯನ್ನು ಸೇರಿಸುವಾಗ ನೋಡಬೇಕಾದ್ದು ನೀರಿನ ಯಾವ ಪದರದಲ್ಲಿ ಅದು ಬದುಕುತ್ತದೆ ಎಂಬುದನ್ನು. ಹಳೆಯ ಮೈಸೂರಿನ ವಠಾರದಂತೆ ಇಲ್ಲಿಯೂ ನಲ್ಲಿ ಒಂದೇ, ಅಂಗಳ ಒಂದೇ. ಆದರೆ ಯಾರ ಓಡಾಟ ಎಲ್ಲಿ ಎಂಬುದು ಬೇರೆ ಬೇರೆಯಾಗಿದ್ದರೆ ದಿನ ಸಲೀಸಾಗಿ ಕಳೆಯುತ್ತದೆ. ರಾಸ್ಬೋರಾ, ಟೆಟ್ರಾ, ಚೆರ್ರಿ ಬಾರ್ಬ್‌ಗಳು ನಡುನೀರಿನವು, ಕೋರಿಡೋರಾಸ್ ತಳದ್ದು, ಗೌರಾಮಿಗಳು ಮೇಲುನೀರಿನವು, ತಲೆಯಲ್ಲಿರುವ ವಿಶೇಷ ಅಂಗದಿಂದ ನೇರವಾಗಿ ಗಾಳಿಯನ್ನೇ ಉಸಿರಾಡಲು ಆಗಾಗ ಮೇಲಕ್ಕೆ ಬರುತ್ತವೆ. ಗೌರಾಮಿಗಳಲ್ಲಿಯೂ ಡ್ವಾರ್ಫ್ ಗೌರಾಮಿಗಿಂತ ಹನಿ ಗೌರಾಮಿ ನನ್ನ ಆಯ್ಕೆ. ಡ್ವಾರ್ಫ್ ಹೆಚ್ಚು ಥಳಕಿನದು ನಿಜ, ಆದರೆ ಅದರ ಗಂಡುಗಳು ಜಗಳಗಂಟರು, ಮತ್ತು ಸಾಕಣೆ ಕೇಂದ್ರಗಳಿಂದಲೇ ಅಂಟಿಕೊಂಡು ಬರುವ, ಔಷಧವಿಲ್ಲದ ವೈರಸ್ ರೋಗವೊಂದು ಅದನ್ನು ಕಾಡುತ್ತದೆ. ಹನಿ ಗೌರಾಮಿ ಎರಡು ಇಂಚಿನ, ಜೇನಿನ ಬಣ್ಣದ, ತನ್ನ ಪಾಡಿಗೆ ತಾನಿರುವ ಮೀನು.

ಇಲ್ಲಿ ಒಂದು ಅಡ್ಡಮಾತಿಗೆ ಅವಕಾಶ ಕೊಡಿ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಇಲ್ಲಿನ ಬೆಳೆ, ಕಸುಬು, ಜನಜೀವನಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸದ ಓದುಗರಿಗೆ ಚಿರಪರಿಚಿತ. ಆತ ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು, 1822ರಲ್ಲಿ ಗಂಗಾನದಿಯ ಮೀನುಗಳನ್ನು ವಿವರಿಸಿ ಪ್ರಕಟಿಸಿದ. ಜೀಬ್ರಾ ಡೇನಿಯೋ, ರೋಸಿ ಬಾರ್ಬ್, ಹನಿ ಗೌರಾಮಿ, ಡ್ವಾರ್ಫ್ ಗೌರಾಮಿ, ಈ ನಾಲ್ಕಕ್ಕೂ ವೈಜ್ಞಾನಿಕ ವಿವರಣೆ ಮೊದಲು ಸಿಕ್ಕಿದ್ದು ಅಲ್ಲಿಯೇ. ಇವು ಭಾರತದ ಹಳ್ಳ, ಗದ್ದೆ, ಕೊಳಗಳ ಮೀನುಗಳು. ಇವುಗಳಲ್ಲಿ ಡೇನಿಯೋ ಮತ್ತು ಹನಿ ಗೌರಾಮಿ ನಮ್ಮ ಹವೆಗೆ, ನಮ್ಮ ಮಧ್ಯಮ ನೀರಿಗೆ, ನಮ್ಮ ಎರಡು ಅಡಿಯ ತೊಟ್ಟಿಗೆ ಚೆನ್ನಾಗಿ ಹೊಂದುತ್ತವೆ. ರೋಸಿ ಬಾರ್ಬ್ ಮಾತ್ರ ಇನ್ನೂ ಉದ್ದದ ತೊಟ್ಟಿಯನ್ನು ಕೇಳುತ್ತದೆ, ಗಿಡಗಳನ್ನೂ ಮೇಯುತ್ತದೆ.

ಹಾಗಾದರೆ ಕೊನೆಗೆ ಏನನ್ನು ತರುವುದು? ಸಿಹಿ ನೀರು ಸಿಗುವವರಿಗೆ ನಾನು ಹೇಳುವುದು ಎಂಟು ಹಾರ್ಲೆಕ್ವಿನ್ ರಾಸ್ಬೋರಾ ಅಥವಾ ಎಂಟು ಚೆರ್ರಿ ಬಾರ್ಬ್, ನುಣುಪಾದ ಮರಳು ಹಾಸಿದ್ದರೆ ಆರು ಸಣ್ಣ ಜಾತಿಯ ಕೋರಿಡೋರಾಸ್, ಮೇಲೆ ಒಂದು ಹನಿ ಗೌರಾಮಿ. ಚೂಪು ಜಲ್ಲಿ ಹಾಸಿದ್ದರೆ ಕೋರಿಡೋರಾಸ್ ಬೇಡ, ಅವುಗಳ ಮೀಸೆ ಸವೆದುಹೋಗುತ್ತದೆ. ಗಡಸು ನೀರಿನವರಿಗೆ ಒಂದು ಗಂಡು ಮೂರು ಹೆಣ್ಣು ಪ್ಲಾಟಿ, ಅಥವಾ ಗಂಡು ಗಪ್ಪಿಗಳ ಗುಂಪು, ಅಷ್ಟೇ. ಮಾಲಿ ಆ ನೀರನ್ನು ಇಷ್ಟಪಟ್ಟರೂ ಎರಡು ಅಡಿಗೆ ತುಸು ದೊಡ್ಡದಾಯಿತು. ಹೀಟರ್ ಇಡಲು ಮನಸ್ಸಿಲ್ಲದ ಬೆಂಗಳೂರಿನವರಿಗೆ ಎಂಟು ಹತ್ತು ಜೀಬ್ರಾ ಡೇನಿಯೋಗಳು, ಬೇರೇನೂ ಬೇಡ. ಮೇಲೆ ಗಾಜಿನ ಮುಚ್ಚಳವಿರಲಿ, ಡೇನಿಯೋ ನೆಗೆಯುತ್ತದೆ.

ಇವನ್ನು ತರುವ ಕ್ರಮವೂ ಹೊಂದಾಣಿಕೆಯ ಭಾಗವೇ. ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರವರೆಗೆ ಫಿಲ್ಟರ್ ಓಡುತ್ತ, ಚಿಟಿಕೆ ಆಹಾರ ಕೊಳೆಯುತ್ತ, ತೊಟ್ಟಿ ಮೀನಿಲ್ಲದೆ ಇರಬೇಕು. ಆರೋಗ್ಯವಾದ ತೊಟ್ಟಿಯಿರುವ ಪರಿಚಯದವರಿಂದ ಬಳಸಿದ ಸ್ಪಂಜನ್ನು ಇಸಿದುಕೊಂಡರೆ ಈ ಅವಧಿ ಕಡಿಮೆಯಾಗುತ್ತದೆ. ಮೊದಲು ನಡುನೀರಿನ ಹಿಂಡು ಬರಲಿ, ಎರಡು ಮೂರು ವಾರ ಬಿಟ್ಟು ತಳದ ಮೀನು. ತನ್ನ ಜಾಗವೆಂದು ಹಕ್ಕು ಸಾಧಿಸುವ ಸ್ವಭಾವದ ಗೌರಾಮಿ ಎಲ್ಲರಿಗಿಂತ ಕೊನೆಗೆ ಬರಬೇಕು, ಏಕೆಂದರೆ ಮೊದಲೇ ಬಂದರೆ ಇಡೀ ತೊಟ್ಟಿ ತನ್ನದೆಂದು ತಿಳಿದು ಆಮೇಲೆ ಬಂದವರನ್ನು ಅಟ್ಟುತ್ತದೆ. ಅದನ್ನು ಬಿಡುವ ದಿನ ಕಲ್ಲು ಗಿಡಗಳನ್ನು ಸ್ವಲ್ಪ ಸ್ಥಳ ಬದಲಿಸಿ ಇಡಿ, ದೀಪ ಆರಿಸಿ, ಹಳೆಯ ಮೀನುಗಳಿಗೆ ಇನ್ನೊಂದು ತುದಿಯಲ್ಲಿ ಆಹಾರ ಹಾಕಿ, ಆಮೇಲೆ ಚೀಲ ಬಿಚ್ಚಿ.